ಪಡುವಣ ಕೊಂಬೆಯ ಕಣ್ಣುಗಳು

ಮಾಲೂರಿನ ಕಾಲೇಜಿನಲ್ಲಿ ಮಧ್ಯಾಹ್ನದ ತರಗತಿ ಮುಗಿಸಿ ಸ್ಟಾಫ್ ರೂಮಿಗೆ ಬಂದು ಕೂತಿದ್ದಾಗ ಫೋನ್ ಬಂತು. ಕೋಲಾರದ ಹೊರವಲಯದಲ್ಲಿ ನಾನು ಹಿಂದೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಿಂದ. ಮಾತಾಡಿದ ಹುಡುಗಿ ಅಲ್ಲಿಗೆ ಹೊಸಬಳು, ನನಗೆ ಗೊತ್ತಿಲ್ಲದವಳು.

"ಮೇಡಂ, ಹಳೇ ಡೀಪ್ ಫ್ರೀಜರ್ ತೆಗೀತಾ ಇದ್ದೀವಿ. ತಳದಲ್ಲಿ ಒಂದು ಡಬ್ಬಿ ಸಿಕ್ತು, ಮೇಲೆ ನಿಮ್ಮ ಹೆಸರಿದೆ. ಎಸೆದ್ಬಿಡ್ಲಾ?"

"ಒಳಗೇನಿದೆ?"

"ಚಿಕ್ಕ ಚಿಕ್ಕ ಟ್ಯೂಬು. ಮಾವಿನ ಕಣ್ಣು ಅನ್ಸುತ್ತೆ. ಲೇಬಲ್ಲೆಲ್ಲ ಕನ್ನಡದಲ್ಲಿದೆ ಮೇಡಂ, ಲೇಬಲ್ ಯಾರಾದ್ರೂ ಕನ್ನಡದಲ್ಲಿ ಬರೀತಾರಾ?" ಎಂದು ನಕ್ಕಳು.

ಹಾಗೆ ಬರೆಯುತ್ತಿದ್ದವಳು ಒಬ್ಬಳೇ. ಅವಳು ತೀರಿಕೊಂಡು ಆಗಲೇ ಏಳು ವರ್ಷವಾಗಿತ್ತು.

"ಎಸೀಬೇಡಿ. ನಾಳೆ ಬರ್ತೀನಿ," ಎಂದೆ. ಫೋನ್ ಇಟ್ಟ ಮೇಲೆ ಕೈ ತೊಳೆದುಕೊಂಡು ಬಂದೆ. ಯಾಕೆ ತೊಳೆದುಕೊಂಡೆ ಎಂದು ಈಗಲೂ ಗೊತ್ತಿಲ್ಲ.

ನಾವಿಬ್ಬರೂ ಎಂ.ಎಸ್ಸಿ. ಮುಗಿಸಿ ಒಂದೇ ವಾರದಲ್ಲಿ ಆ ಪ್ರಯೋಗಾಲಯಕ್ಕೆ ಸೇರಿದವರು. ನಾನು ಮುಳಬಾಗಿಲಿನವಳು. ಅಜ್ಜ ಅರ್ಚಕರು, ಅಪ್ಪ ವಕೀಲರು, ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಅವಳು ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಗೆ ಹತ್ತಿರದ ಹಳ್ಳಿಯವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಅವಳಿಗೆ ಪುಸ್ತಕದಲ್ಲಿ ಮಾತ್ರ ಪರಿಚಯ. ಸೆಮಿನಾರಿನಲ್ಲಿ ಎದ್ದು ನಿಂತರೆ ಬೆವರುತ್ತಿದ್ದಳು. ಆದರೆ ಮರದ ಕೆಳಗೆ ಅವಳನ್ನು ಯಾರೂ ಮೀರಿಸುತ್ತಿರಲಿಲ್ಲ. ರೆಂಬೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿ, "ಇದು ಇನ್ನೂ ಹದಿನೈದು ದಿನ ಮಲಗಿರುತ್ತೆ," ಎನ್ನುವಳು. ಹದಿನೈದು ದಿನಕ್ಕೆ ಅದು ಎದ್ದಿರುತ್ತಿತ್ತು. ಕೋಲಾರದಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ಅವಳ ಅಮ್ಮ ಕಳಿಸುತ್ತಿದ್ದ ಹುರುಳಿ ಚಟ್ನಿಪುಡಿಯಲ್ಲೇ ನನ್ನ ಎಷ್ಟೋ ಊಟ ಮುಗಿದಿದೆ.

ನಮ್ಮ ಕೆಲಸ ಮಾವಿನ ಕಣ್ಣಿನದು. ರೆಂಬೆಯ ತುದಿಯಲ್ಲಿ ಗೋಧಿ ಕಾಳಿಗಿಂತ ತುಸು ದೊಡ್ಡದಾಗಿ, ಹೊದ್ದು ಮಲಗಿದಂತಿರುವ ಮೊಗ್ಗಿಗೆ ನಮ್ಮ ಕಡೆ ಕಣ್ಣು ಎನ್ನುತ್ತಾರೆ. ಚಳಿಗಾಲದಲ್ಲಿ ಅದು ಎಚ್ಚರಗೊಳ್ಳಬೇಕು. ಎಲೆಯಾಗುವುದೋ ಹೂವಾಗುವುದೋ ಆಗಲೇ ತೀರ್ಮಾನ. ಹೊರಗಿನಿಂದ ನೋಡುವವರಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಒಡೆದಂತೆ ಕಾಣುತ್ತದೆ. ಒಳಗೆ ಮಾತ್ರ ಎರಡು ಮೂರು ವಾರ ಮುಂಚೆಯೇ ಓಡಾಟ ಶುರುವಾಗಿರುತ್ತದೆ. ಪೊಟ್ಯಾಸಿಯಂ ಅಯಾನುಗಳು ಜೀವಕೋಶದೊಳಕ್ಕೆ ನುಗ್ಗುತ್ತವೆ, ಅವುಗಳ ಬೆನ್ನಿಗೆ ನೀರು ಬರುತ್ತದೆ, ಕೋಶ ಉಬ್ಬುತ್ತದೆ. ಕೋಶದ ಪೊರೆಯಲ್ಲಿರುವ ಪಂಪುಗಳು ಆಮ್ಲವನ್ನು ಹೊರಕ್ಕೆ ತಳ್ಳಿ ಗೋಡೆಯನ್ನು ಸಡಿಲ ಮಾಡುತ್ತವೆ. ಕೂಡಿಟ್ಟ ಪಿಷ್ಟವನ್ನು ಕಿಣ್ವಗಳು ಸಕ್ಕರೆಯಾಗಿ ಕತ್ತರಿಸುತ್ತವೆ. ನಾವು ಅಳೆಯುತ್ತಿದ್ದದ್ದು ಎರಡನ್ನು ಮಾತ್ರ: ಪೆರಾಕ್ಸಿಡೇಸ್ ಎಂಬ ಒಂದು ಕಿಣ್ವದ ಚಟುವಟಿಕೆ ಎಷ್ಟು, ಪೊಟ್ಯಾಸಿಯಂ ಎಷ್ಟು. ಎರಡೂ ಏರಿದರೆ ಕಣ್ಣು ಏಳಲಿದೆ ಎಂದು ಅರ್ಥ.

ಮರಗಳು ಅವಳ ಮನೆಯ ತೋಪಿನವೇ. ಹನ್ನೊಂದು ಬಾದಾಮಿ ಮಾವಿನ ಮರ. ಪ್ರತಿ ಮರದ ಪೂರ್ವದ ಕಡೆಯಿಂದ ಒಂದಷ್ಟು, ಪಶ್ಚಿಮದ ಕಡೆಯಿಂದ ಒಂದಷ್ಟು ಕಣ್ಣುಗಳನ್ನು ಬ್ಲೇಡಿನಲ್ಲಿ ಕೊಯ್ದು ಟ್ಯೂಬಿಗೆ ಹಾಕಿ ಐಸ್ ತುಂಬಿದ ಫ್ಲಾಸ್ಕಿನಲ್ಲಿ ತರಬೇಕು. ಮಂಜಿನ ಬೆಳಗುಗಳಲ್ಲಿ ಎಳೆಬಿಸಿಲು ಬೀಳುವ ಪೂರ್ವದ ಕೊಂಬೆಗಳು ಮೊದಲು ಏಳುತ್ತವೆ ಎಂಬುದು ನಮ್ಮ ಮಾರ್ಗದರ್ಶಕರ ಊಹೆ. ಹತ್ತು ಮರಗಳಲ್ಲಿ ಹಾಗೆಯೇ ಬಂತು. ಮನೆಗೆ ತೀರಾ ಹತ್ತಿರದ ಹನ್ನೊಂದನೆಯ ಮರದಲ್ಲಿ ಉಲ್ಟಾ. ಪಶ್ಚಿಮದ ಕಣ್ಣುಗಳಲ್ಲಿ ಕಿಣ್ವವೂ ಪೊಟ್ಯಾಸಿಯಮ್ಮೂ ಜಿಗಿದಿದ್ದವು. ಪೂರ್ವದವು ನಿದ್ದೆಯಲ್ಲಿದ್ದವು.

ಲೇಬಲ್ ಬರೆಯುತ್ತಿದ್ದವಳು ಅವಳು. ಟ್ಯೂಬಿನ ಮೇಲೆ ಜಾಗ ಕಡಿಮೆಯೆಂದು ಪೂರ್ವಕ್ಕೆ 'ಪೂ' ಎಂದೂ ಪಶ್ಚಿಮಕ್ಕೆ 'ಪ' ಎಂದೂ ಬರೆಯುತ್ತಿದ್ದಳು. ಅಂಕಿಗಳನ್ನು ನೋಡಿದ ಕೂಡಲೇ ನನಗೆ ಹೊಳೆದದ್ದು ಅದೇ.

"ಕೊಂಬು ಮರ್ತಿದ್ದೀಯ ಕಣೇ," ಎಂದೆ. "ಪೂ ಬರೀಬೇಕಾದ ಕಡೆ ಪ ಬರ್ದಿದ್ದೀಯ. ಅದಕ್ಕೇ ಹೇಳೋದು, ಎಲ್ರ ಹಾಗೆ ಇಂಗ್ಲಿಷಲ್ಲಿ ಬರಿ ಅಂತ."

"ಇಲ್ಲ. ನನ್ನ ಕೈಯಾರೆ ಕೊಯ್ದಿದ್ದು, ಆಗಲೇ ಬರ್ದಿದ್ದು."

"ಹಂಗಾದ್ರೆ ಮರಾನೇ ಸುಳ್ಳು ಹೇಳ್ತಾ ಇದೆಯಾ?"

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಾರ್ಗದರ್ಶಕರ ಮುಂದೆ ಇಂಗ್ಲಿಷಿನಲ್ಲಿ, ಅವಳು ಪಕ್ಕದಲ್ಲೇ ನಿಂತಿದ್ದಾಗ, ಸ್ಯಾಂಪಲ್ ಅದಲುಬದಲಾಗಿದೆ, ಆ ಮರದ್ದು ಹೊಸದಾಗಿ ತರಿಸಬೇಕು ಎಂದೆ. ಅವರು ಅವಳ ಮುಖ ನೋಡಿದರು. ಅವಳಿಗೆ ಉತ್ತರ ಗೊತ್ತಿತ್ತು, ಉತ್ತರ ಕೊಡುವ ಭಾಷೆ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. "ಓಕೆ ಸರ್," ಎಂದಷ್ಟೇ ಹೇಳಿದಳು. ಅವತ್ತು ಸಂಜೆ ರೂಮಿನಲ್ಲಿ ಬ್ಯಾಗು ತುಂಬಿಕೊಳ್ಳುತ್ತಾ, "ಐದು ದಿನದ್ದು ತರ್ತೀನಿ, ಸಾಕಲ್ವಾ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಇಷ್ಟು ವರ್ಷ ನನಗೆ ಸ್ವಲ್ಪ ಹಗುರವಾಗಿರುತ್ತಿತ್ತೇನೋ.

ಮೊದಲ ಎರಡು ದಿನ ಬೆಳಿಗ್ಗೆ ಕೊಯ್ದು, ಬಸ್ಸಿನಲ್ಲಿ ಕೋಲಾರಕ್ಕೆ ಬಂದು, ಬಸ್‌ಸ್ಟ್ಯಾಂಡಿನಲ್ಲಿ ಫ್ಲಾಸ್ಕನ್ನು ನನಗೆ ಕೊಟ್ಟು, ಹಿಂದಿನ ದಿನದ ಖಾಲಿ ಫ್ಲಾಸ್ಕು ತೆಗೆದುಕೊಂಡು ಹೋದಳು. ಮೂರನೆಯ ದಿನ ಬಸ್ಸಿಂದ ಇಳಿಯುವಾಗ ಬಾಗಿಲ ಕಂಬಿ ಹಿಡಿದು ಒಂದು ಕ್ಷಣ ನಿಂತಳು. ಶಾಲು ಹೊದ್ದಿದ್ದಳು. ಫ್ಲಾಸ್ಕು ಕೈಗೆ ಕೊಡುವಾಗ ಅವಳ ಬೆರಳು ನನ್ನ ಬೆರಳಿಗೆ ತಾಗಿತು. ಫ್ಲಾಸ್ಕು ತಣ್ಣಗಿತ್ತು, ಬೆರಳು ಸುಡುತ್ತಿತ್ತು.

"ಸ್ವಲ್ಪ ಜ್ವರ ಕಣೇ. ಕಣ್ಣ ಹಿಂದೆ ನೋವು."

"ಒಂದು ಮಾತ್ರೆ ತಗೋ. ಇನ್ನೆರಡು ದಿನ ತಾನೆ."

ಇಷ್ಟೇ ನಾನು ಅಂದದ್ದು. ಅವಳು ತಲೆಯಾಡಿಸಿ ಅದೇ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಡುವ ತನಕ ನಾನು ಕಾಯಲಿಲ್ಲ. ಐಸ್ ಕರಗುತ್ತದೆ ಎಂಬ ನೆಪವಿತ್ತು.

ನಾಲ್ಕನೆಯ ದಿನ ಫ್ಲಾಸ್ಕು ಕಂಡಕ್ಟರ್ ಕೈಯಲ್ಲಿ ಬಂತು. ಐದನೆಯ ದಿನವೂ ಹಾಗೆಯೇ. ಅವತ್ತು ಬೆಳಿಗ್ಗೆ ಅವಳ ಫೋನಿನಿಂದ ಒಂದು ಕರೆ ಬಂದಿತ್ತು. ಸೆಂಟ್ರಿಫ್ಯೂಜ್ ಓಡುತ್ತಿತ್ತು, ಪರದೆಯ ಮೇಲೆ ಅವಳ ಹೆಸರು ನೋಡಿದೆ. ಮತ್ತೆ ಲೇಬಲ್ಲಿನ ವಾದ ಶುರು ಮಾಡುತ್ತಾಳೆ ಎಂದುಕೊಂಡು ಎತ್ತಲಿಲ್ಲ. ಆಮೇಲೆ ಮಾಡೋಣ ಎಂದವಳು ಮರೆತೆ. ಮಾರನೆಯ ದಿನ ಕರೆ ಬಂದದ್ದು ಅವಳ ಅಣ್ಣನಿಂದ. ಡೆಂಗಿ ಅಂತೆ, ಆಸ್ಪತ್ರೆಗೆ ಸೇರಿಸಿದ್ದರು. ನಾನು ಹೋದಾಗ ಗಾಜಿನ ಬಾಗಿಲಿನ ಆಚೆ ಮಲಗಿದ್ದಳು, ಪ್ರಜ್ಞೆಯಿರಲಿಲ್ಲ. ಎರಡು ದಿನ ಕಳೆದು ಹೋಗಿಬಿಟ್ಟಳು.

ಆ ಐದು ದಿನದ ಟ್ಯೂಬುಗಳನ್ನು ಒಂದು ಡಬ್ಬಿಗೆ ಹಾಕಿ ಫ್ರೀಜರಿನ ತಳಕ್ಕೆ ತಳ್ಳಿದೆ. ಪರೀಕ್ಷೆ ಮಾಡಲಿಲ್ಲ. ಹನ್ನೊಂದನೆಯ ಮರವನ್ನು ವರದಿಯಿಂದಲೇ ಕೈಬಿಟ್ಟೆವು. ಹತ್ತು ಮರಗಳ ಲೇಖನ ಅಚ್ಚಾಯಿತು, ಅದರಲ್ಲಿ ಅವಳ ಹೆಸರೂ ಇತ್ತು. ಹೆಸರಿನ ಪಕ್ಕದಲ್ಲಿ, ಈಗಿಲ್ಲ ಎಂದು ತಿಳಿಸುವ ಸಣ್ಣ ಶಿಲುಬೆ ಗುರುತು. ನಮ್ಮವರಿಗೆ ಅದರ ಅರ್ಥವಾಗದು, ಮುದ್ರಣದ ತಪ್ಪೆಂದುಕೊಳ್ಳುತ್ತಾರೆ. ನಾನು ಕೋಲಾರ ಬಿಟ್ಟು ಮಾಲೂರಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದೆ.

ಫೋನ್ ಬಂದ ಮಾರನೆಯ ದಿನ ಕೋಲಾರಕ್ಕೆ ಹೋದಾಗ ಆ ಹೊಸ ಹುಡುಗಿ ಡಬ್ಬಿಯನ್ನು ಹೊಸ ಫ್ರೀಜರಿಗೆ ಸಾಗಿಸಿ ಇಟ್ಟಿದ್ದಳು. ಕೈಗವಸು ಹಾಕಿ ಮುಚ್ಚಳ ತೆಗೆದೆ. ಬಿಳಿ ಹಿಮ ಕಟ್ಟಿತ್ತು. ಹೆಬ್ಬೆರಳಿನಿಂದ ಒಂದು ಟ್ಯೂಬಿನ ಹಿಮ ಒರೆಸಿದೆ.

'ಪಶ್ಚಿಮ' ಎಂದು ಬರೆದಿತ್ತು. ಪೂರ್ತಿ. ಇನ್ನೊಂದನ್ನು ಒರೆಸಿದೆ. 'ಪೂರ್ವ.' ಬಟಾಣಿಯಷ್ಟು ಜಾಗದಲ್ಲಿ, ಟ್ಯೂಬಿನ ಸುತ್ತ ಸುತ್ತಿಬರುವಂತೆ, ಒತ್ತಕ್ಷರವೂ ಬಿಡದೆ. ಮೂರನೆಯ ದಿನದ ಅಕ್ಷರಗಳು ಅಲುಗಿದ್ದವು. ಐದನೆಯ ದಿನದವು ಸಾಲು ಬಿಟ್ಟು ಕೆಳಕ್ಕೆ ಇಳಿದಿದ್ದವು. ಆದರೆ ಒಂದರಲ್ಲೂ ಅವಳು ಸಂಕ್ಷೇಪ ಮಾಡಿರಲಿಲ್ಲ. ನಾನು ಬಾಯ್ತೆರೆಯಲು ಅವಕಾಶವೇ ಕೊಟ್ಟಿರಲಿಲ್ಲ.

"ಮೇಡಂ, ಏಳು ವರ್ಷ ಆಗಿದೆ. ಕಿಣ್ವ ಉಳ್ದಿರುತ್ತಾ?" ಎಂದಳು ಹುಡುಗಿ.

"ಗೊತ್ತಿಲ್ಲ. ಕೆಟ್ಟಿದ್ರೆ ಎರಡು ಕಡೇದೂ ಒಂದೇ ಥರ ಕೆಟ್ಟಿರುತ್ತೆ. ಎರಡರ ವ್ಯತ್ಯಾಸ ಮಾತ್ರ ನೋಡೋಣ."

ತಣ್ಣನೆಯ ಒರಳಿನಲ್ಲಿ ಕಣ್ಣುಗಳನ್ನು ಹಾಕಿ ಅರೆದೆ. ಹಸಿ ಮಾವಿನ ವಾಸನೆ ಬಂತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಏಳು ವರ್ಷದ ಹಿಂದಿನ ಒಂದು ಬೆಳಗಿನ ವಾಸನೆ, ಆಗಷ್ಟೇ ಚಿವುಟಿದಷ್ಟು ಹಸಿಯಾಗಿ.

ಪೂರ್ವದ ರಸವನ್ನು ಗಾಜಿನ ಪುಟ್ಟ ನಳಿಕೆಗೆ ಹಾಕಿ, ಬಣ್ಣ ಕೊಡುವ ರಾಸಾಯನಿಕ ಸೇರಿಸಿ, ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದೆ. ಕಿಣ್ವ ಬದುಕಿದ್ದರೆ ನೀರಿನಂತಿರುವ ದ್ರವ ಕಂದು ಬಣ್ಣಕ್ಕೆ ತಿರುಗಬೇಕು. ಒಂದು ನಿಮಿಷಕ್ಕೆ ತೆಳು ಚಹಾದ ಬಣ್ಣ ಬಂದು ನಿಂತಿತು. ಪಶ್ಚಿಮದ್ದಕ್ಕೆ ಹನಿಸಿದೆ. ಹತ್ತು ಸೆಕೆಂಡಿನೊಳಗೆ ಬಣ್ಣ ತಳದಿಂದ ಎದ್ದು ಬಂತು. ಚಹಾ, ಆಮೇಲೆ ಕಾಫಿ, ಆಮೇಲೆ ಮಾಲೂರಿನ ಗೂಡಿನಿಂದ ಆಗ ತಾನೇ ಹೊರತೆಗೆದ ಇಟ್ಟಿಗೆ. ಐದೂ ದಿನದ್ದು ಹಾಗೆಯೇ. ಮಿಕ್ಕ ಕಣ್ಣುಗಳನ್ನು ಸುಟ್ಟು ಬೂದಿ ಮಾಡಿ ಕರಗಿಸಿ ಜ್ವಾಲೆಯ ಯಂತ್ರಕ್ಕೆ ಕೊಟ್ಟೆವು. ಪೊಟ್ಯಾಸಿಯಮ್ಮೂ ಅದನ್ನೇ ಹೇಳಿತು. ಮರ ಸುಳ್ಳು ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

"ಹಾಗಾದ್ರೆ ಯಾಕೆ ಮೇಡಂ, ಆ ಒಂದು ಮರಕ್ಕೆ ಮಾತ್ರ?" ಎಂದಳು ಹುಡುಗಿ. ಏಳು ವರ್ಷದ ಹಿಂದೆ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದೇ ಆಗಿತ್ತು.

ಆಮೇಲಿನ ಕೆಲವು ದಿನ ನನಗೆ ನೆಮ್ಮದಿಯಿರಲಿಲ್ಲ. ಬೋರ್ಡಿನ ಮೇಲೆ ಬರೆಯುತ್ತಾ ಕೈ ನಿಂತುಬಿಡುತ್ತಿತ್ತು. ಟೇಕಲ್ಲಿನ ಬಂಧುಗಳ ಮನೆಗೆ ಹೋಗುವಾಗ ರೈಲಿನಲ್ಲಿ ಎದುರು ಸೀಟಿನ ಹೆಂಗಸು ಶಾಲು ಸರಿಪಡಿಸಿಕೊಂಡಾಗ ಆಕೆಯ ಮುಖವನ್ನೇ ನೋಡಿದೆ. ಬೆರಳ ತುದಿಯಲ್ಲಿ ಆ ಬಿಸಿ ಇದೆಯೆನಿಸಿ ಕಿಟಕಿಯ ಕಂಬಿಗೆ ಒತ್ತಿ ಹಿಡಿದೆ. ಕೊನೆಗೆ ಒಂದು ಭಾನುವಾರ, ಡಿಸೆಂಬರಿನ ಚಳಿಯಲ್ಲಿ, ಮೊದಲ ಬಸ್ಸಿಗೆ ಶ್ರೀನಿವಾಸಪುರಕ್ಕೆ ಹೊರಟೆ. ಅಲ್ಲಿಂದ ಆಟೋ ಹಿಡಿದು ಅವಳ ಹಳ್ಳಿ ತಲುಪಿದಾಗ ಇನ್ನೂ ಮಂಜು ಬಿಟ್ಟಿರಲಿಲ್ಲ.

ಹಿಂದೆ ನಾನು ಆ ಮನೆಗೆ ಬಂದದ್ದು ಎರಡೇ ಸಲ, ಎರಡೂ ಸಲ ಮಧ್ಯಾಹ್ನ. ಬೆಳಗಿನ ಹೊತ್ತು ಆ ಮನೆ ಹೇಗಿರುತ್ತದೆ ಎಂದು ನೋಡಿರಲಿಲ್ಲ. ಹಿತ್ತಿಲಿನಿಂದ ಹೊಗೆ ಏಳುತ್ತಿತ್ತು. ಸುತ್ತಿಕೊಂಡು ಹೋದೆ. ಹನ್ನೊಂದನೆಯ ಮರದ ಪಡುವಣಕ್ಕೆ, ಕೊಂಬೆಗಳ ನೇರ ಕೆಳಗೆ, ಮೂರು ಕಲ್ಲಿನ ಮೇಲೆ ಸ್ನಾನದ ನೀರಿನ ಹಂಡೆ. ಹಸಿ ನೀಲಗಿರಿ ಸೌದೆ ಉರಿಯುತ್ತಿತ್ತು. ಗಾಳಿಯಿಲ್ಲದ ಚಳಿಯಲ್ಲಿ ಹೊಗೆ ಚದುರದೆ ನೇರವಾಗಿ ಏರಿ ಆ ಅರ್ಧ ಮರವನ್ನು ಮುಸುಕು ಹಾಕಿದಂತೆ ಸುತ್ತಿ ನಿಂತಿತ್ತು. ಇನ್ನರ್ಧ ಮರ ಶುಭ್ರವಾಗಿ ಬೆಳಕಿನಲ್ಲಿತ್ತು.

ನಾನು ನಿಂತಲ್ಲೇ ನಿಂತೆ. ಯಾವುದೋ ದ್ವೀಪಗಳ ರೈತರು ಮಾವಿನ ಮರಕ್ಕೆ ಹೊಗೆ ಹಾಕಿ ಹೂ ಬಿಡಿಸುತ್ತಾರೆಂದು ನಾವಿಬ್ಬರೂ ಒಂದೇ ಪುಸ್ತಕ ಹಂಚಿಕೊಂಡು ಓದಿದ್ದೆವು. ಹೊಗೆಯಲ್ಲಿ ಎಥಿಲೀನ್ ಎಂಬ ಅನಿಲವಿರುತ್ತದೆ, ಅದು ಕಣ್ಣನ್ನು ಎಬ್ಬಿಸುತ್ತದೆ. ಒಲೆಯ ಬೂದಿಯನ್ನೂ ಅಲ್ಲೇ ಬುಡಕ್ಕೆ ಗುಡ್ಡೆ ಹಾಕಿದ್ದರು. ಬೂದಿಯೆಂದರೆ ಪೊಟ್ಯಾಸಿಯಂ. ಒಂದು ಕಡೆಯ ಬೇರು ಆ ಕಡೆಯ ಕೊಂಬೆಗೇ ಹೆಚ್ಚಾಗಿ ಒಯ್ಯುವುದುಂಟು.

ಅವಳ ಅಮ್ಮ ಸೌದೆ ತಳ್ಳುತ್ತಾ ತಿರುಗಿ ನೋಡಿದರು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. "ರಾಮ್ಮಾ, ಕೂಚೋ," ಎಂದು ತೆಲುಗಿನಲ್ಲೇ ಕರೆದು ಒಲೆಯ ಪಕ್ಕದ ಕಲ್ಲು ತೋರಿಸಿದರು. "ಈಗ ನೆನಪಾಯ್ತಾ ನಮ್ಮನೆ?"

ನಾನು ಕೂತೆ. "ಈ ಒಲೆ ಯಾವಾಗಿಂದ ಇಲ್ಲಿದೆ ಅಮ್ಮ?"

ಅವರ ಕೈ ಸೌದೆಯ ಮೇಲೆ ನಿಂತಿತು. ನನ್ನ ಮುಖವನ್ನೇ ನೋಡಿದರು.

"ನೀನೂ ಅದೇ ಕೇಳ್ತೀಯಲ್ಲ. ಆ ವರ್ಷ ಮಳೇಲಿ ಬಚ್ಚಲುಮನೆ ಗೋಡೆ ಬಿತ್ತು, ಅವಾಗ ಹಂಡೆ ತಂದು ಇಲ್ಲಿಟ್ಟಿದ್ದು. ಇವ್ಳು ಕೋಲಾರದಲ್ಲಿದ್ಲಲ್ಲ, ಗೊತ್ತಿಲ್ಲ ಅವ್ಳಿಗೆ. ಬೆಳಗಾಗೋಕ್ ಮುಂಚೆ ಟ್ಯೂಬು ಹಿಡ್ಕೊಂಡು ಮರಕ್ಕೆ ಹೋಗೋಳು, ಕೊಯ್ಕೊಂಡು ಓಡೋಳು ಬಸ್ಸಿಗೆ. ನಾನು ಒಲೆ ಹಚ್ಚೋದು ಆಮೇಲೆ. ಕೊನೇ ದಿನ ಮಾತ್ರ ಓಡೋಕಾಗ್ಲಿಲ್ಲ. ಫ್ಲಾಸ್ಕು ಅವರಣ್ಣನ ಕೈಲಿ ಬಸ್ಸಿಗೆ ಕಳ್ಸಿ, ಆ ಕಿಟಕಿ ಪಕ್ಕ ಮಲಗಿದ್ಲು."

ಕಿಟಕಿ ಅಲ್ಲೇ ಇತ್ತು, ಮರಕ್ಕೆ ಎದುರಾಗಿ.

"ಹೊಗೆ ನೋಡ್ತಾ ಮಲಗಿದ್ದೋಳು ಎದ್ದು ಕೂತ್ಬಿಟ್ಲು. 'ಅಮ್ಮಾ, ಒಲೆ ಯಾವಾಗಿಂದ ಅಲ್ಲಿದೆ?' ಅಂದ್ಲು. ಹೇಳ್ದೆ. ನಗ್ತಾಳೆ! ಅಷ್ಟು ಜ್ವರದಲ್ಲಿ ನಗು. 'ಹೊಗೆ, ಹೊಗೆ' ಅಂತಾಳೆ. ಪಾಪ ಕಣ್ಣು ಉರೀತಾ ಇರ್ಬೇಕು ಅಂತ ನಾನು ಒಂದು ಕೊಡ ನೀರು ಹುಯ್ದು ಒಲೆ ಆರಿಸ್ಬಿಟ್ಟೆ. 'ಅಯ್ಯೋ ಆರಿಸ್ಬೇಡಮ್ಮ' ಅಂತ ಕೂಗಿದ್ಲು. ಆಮೇಲೆ 'ಅವ್ಳಿಗೆ ಹೇಳ್ಬೇಕು, ಫೋನ್ ಹಚ್ಚು' ಅಂದ್ಲು. ಹಚ್ಚಿಕೊಟ್ಟೆ. ನೀನು ಎತ್ಲಿಲ್ಲ."

ನೀರು ಕಾದು ಹಂಡೆಯ ಬಾಯಲ್ಲಿ ಸದ್ದು ಮಾಡುತ್ತಿತ್ತು. ನಾನು ಹೇಳಬೇಕಾದ್ದನ್ನು ಹೇಳಿದೆ. ಅವಳು ತಂದದ್ದು ಸರಿಯಾಗಿತ್ತು, ನಾನು ತಪ್ಪೆಂದು ವಾದಿಸಿದೆ, ಮಾರ್ಗದರ್ಶಕರ ಮುಂದೆ ಅವಮಾನ ಮಾಡಿದೆ, ಮತ್ತೆ ಕೊಯ್ದು ತರಲು ಕಳಿಸಿದವಳು ನಾನೇ ಎಂದೆ. ಕಣ್ಣು, ಬಿಸಿಲು, ಹೊಗೆ, ಬೂದಿ, ಎಲ್ಲವನ್ನೂ ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳಿದೆ. ಅವರು ಅಡ್ಡಬಾರದೆ ಕೇಳಿದರು. ಕೊನೆಗೆ ಕೇಳಿದ್ದು ಒಂದೇ.

"ಜ್ವರ ಅಂತ ನಿಂಗೆ ಹೇಳಿದ್ಲಾ?"

ಇಲ್ಲ ಎನ್ನಬಹುದಿತ್ತು. ಗೊತ್ತಿದ್ದವಳು ಅವಳೊಬ್ಬಳೇ.

"ಹೇಳಿದ್ಲು."

"ನೀನೇನಂದೆ?"

"ಮಾತ್ರೆ ತಗೋ, ಇನ್ನೆರಡು ದಿನ ತಾನೆ ಅಂದೆ."

ಅವರು ಎದ್ದರು. ಸೌದೆಯನ್ನು ಒಲೆಯಿಂದ ಹಿಂದಕ್ಕೆಳೆದು ಮಣ್ಣಿಗೆ ಉಜ್ಜಿ ಆರಿಸಿದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ, ಬಾ ಎಂದೂ ಅನ್ನಲಿಲ್ಲ. ನಾನು ಬಹಳ ಹೊತ್ತು ಆ ಕಲ್ಲಿನ ಮೇಲೆ ಕೂತಿದ್ದೆ. ಒಳಗೆ ಪಾತ್ರೆಯ ಸದ್ದಿತ್ತು, ರಾಗಿ ಹಿಟ್ಟು ಬೇಯುವ ವಾಸನೆಯಿತ್ತು. ಯಾರೂ ಕರೆಯಲಿಲ್ಲ. ಕೊನೆಗೆ ಎದ್ದು ಮುಖ್ಯರಸ್ತೆಯ ತನಕ ನಡೆದೆ.

ಹುಡುಗಿಯ ಜೊತೆ ಸೇರಿ ಒಂದು ಟಿಪ್ಪಣಿ ಬರೆದು ನಿವೃತ್ತರಾಗಿದ್ದ ಮಾರ್ಗದರ್ಶಕರಿಗೆ ಕಳಿಸಿದೆ. ಅವರು ಓದಿ ಫೋನ್ ಮಾಡಿದರು. "ನಾನಾದ್ರೂ ಅವಳನ್ನ ಕನ್ನಡದಲ್ಲಿ ಕೇಳ್ಬಹುದಿತ್ತು," ಎಂದರು. ಆಮೇಲೆ, ಒಂದು ಮರದಿಂದ ಏನೂ ಸಾಬೀತಾಗುವುದಿಲ್ಲ, ಇನ್ನೊಂದು ಮರಕ್ಕೆ ಬೇಕೆಂದೇ ಹೊಗೆ ಕೊಟ್ಟು ನೋಡಬೇಕು ಎಂದರು. ಸರಿಯಾದ ಮಾತೇ. ಆದರೆ ಮತ್ತೆ ಆ ಮನೆಯ ಮುಂದೆ ಹೋಗಿ ನಿಂತು ಮರ ಕೇಳುವ ಮುಖ ನನಗಿರಲಿಲ್ಲ. ವರ್ಷ ಹಾಗೇ ಕಳೆಯಿತು.

ಮುಂದಿನ ಚಳಿಗಾಲದಲ್ಲಿ, ಸಂಕ್ರಾಂತಿಗೆ ಇನ್ನೂ ಎರಡು ವಾರವಿರುವಾಗ, ಗುರುತಿಲ್ಲದ ನಂಬರಿನಿಂದ ಕರೆ ಬಂತು. ಎತ್ತಿದೆ. ಈಗ ನಾನು ಯಾವ ಕರೆಯನ್ನೂ ಬಿಡುವುದಿಲ್ಲ.

"ಒಲೆನ ಬೇರೆ ಮರಕ್ಕೆ ಹಾಕಿದ್ದೀನಿ," ಎಂದರು ಅವಳ ಅಮ್ಮ. ಹೆಸರು ಹೇಳಲಿಲ್ಲ, ಕ್ಷೇಮ ಕೇಳಲಿಲ್ಲ. "ಆಚೆ ಮರ. ಮೂಡಲ ಕಡೆ ಹಾಕಿಲ್ಲ, ಆ ಕಡೆ ಹೆಂಗೂ ಬಿಸ್ಲು ಬೀಳುತ್ತಲ್ಲ. ಬಡಗಲಿಗೆ ಹಾಕಿದ್ದೀನಿ, ಬಿಸ್ಲೇ ಬೀಳ್ದಿರೋ ಕಡೆ. ನಲವತ್ತು ದಿನ ಆಯ್ತು. ಬಂದು ನೋಡ್ಕೊ."

ಅಕ್ಷರ ಕಲಿಯದ ಆ ಹೆಂಗಸು ಒಲೆಯ ಪಕ್ಕ ಕೂತು ನನ್ನಿಂದ ಒಂದೇ ಒಂದು ಸಲ ಕೇಳಿದ್ದನ್ನು ವರ್ಷವಿಡೀ ಮನಸ್ಸಿನಲ್ಲಿಟ್ಟುಕೊಂಡು, ಮಾರ್ಗದರ್ಶಕರು ಬೇಕೆಂದ ಪರೀಕ್ಷೆಯನ್ನು, ನಮ್ಮಲ್ಲಿ ಯಾರಿಗೂ ಹೊಳೆಯದಿದ್ದ ದಿಕ್ಕಿನಲ್ಲಿ, ತಾವೇ ಹೂಡಿದ್ದರು.

ಹುಡುಗಿಯನ್ನು ಕರೆದುಕೊಂಡು, ಫ್ಲಾಸ್ಕು ಹಿಡಿದು ಹೋದೆ. ಅಮ್ಮ ಏಣಿ ಹಿಡಿದರು, ನಾನು ಹತ್ತಿದೆ. ಬಡಗಣ ಕೊಂಬೆಗಳಿಗೆ ಮಸಿ ಹಿಡಿದಿತ್ತು. ತುದಿಯ ಕಣ್ಣನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದೆ. ಗಟ್ಟಿಯಾಗಿ, ತುಂಬಿಕೊಂಡು, ಹೊದಿಕೆ ಬಿರಿಯುವ ಹಾಗಿತ್ತು. ತೆಂಕಣ ಕಡೆಯವು ಇನ್ನೂ ಬಡಕಲಾಗಿದ್ದವು. ನನಗೆ ಆಮೇಲೆ ಯಂತ್ರ ಹೇಳಬೇಕಾದ್ದೇನೂ ಉಳಿದಿರಲಿಲ್ಲ. ಆದರೂ ಕೊಯ್ದೆವು, ಅಳೆದೆವು, ಅಂಕಿಗಳು ಬಂದವು. ಲೇಖನ ಪತ್ರಿಕೆಗೆ ಹೋಯಿತು. ಅದರಲ್ಲಿ ಮೊದಲ ಹೆಸರು ಅವಳದು, ಕೊನೆಯದು ಅವಳ ಅಮ್ಮನದು. ಈ ಕೊನೆಯ ಹೆಸರಿನವರು ಯಾವ ಸಂಸ್ಥೆಯವರು ಎಂದು ಸಂಪಾದಕರು ಕೇಳಿ ಬರೆದಿದ್ದರು. ಊರಿನ ಹೆಸರು ಕೊಟ್ಟೆ.

ಕಣ್ಣು ಕೊಯ್ದ ದಿನ ಅಲ್ಲಿಂದ ಹೊರಡುವಾಗ ಹುಡುಗಿ ಮುಂದೆ ಹೋಗಿದ್ದಳು. ಅಮ್ಮ ತೋಪಿನ ಬೇಲಿಯ ತನಕ ನನ್ನ ಜೊತೆ ಬಂದರು.

"ಆ ಜ್ವರ ಮಾತ್ರೆಗೆ ಹೋಗೋ ಜ್ವರ ಆಗಿರ್ಲಿಲ್ಲ ಅಂದ್ರು ಡಾಕ್ಟ್ರು," ಎಂದರು. "ಮೊದ್ಲೇ ಕರ್ಕೊಂಡು ಬಂದಿದ್ರೆ ಅಂತ ಕೇಳ್ದೆ. ಹೇಳಕ್ಕಾಗಲ್ಲ ಅಂದ್ರು. ಮನೇಲಿ ಇದ್ದೋಳು ನಾನು. ಹಣೆ ಮುಟ್ಟಿ ನೋಡಿದ್ದೋಳು ನಾನು. ನಾನೂ ಮಾತ್ರೆನೇ ಕೊಟ್ಟಿದ್ದು."

ಕೈಗೆ ಹತ್ತಿದ ಕೊಂಬೆಯ ಮಸಿಯನ್ನು ನಾನು ಉಜ್ಜಿಕೊಳ್ಳುತ್ತಿದ್ದೆ.

"ಆದ್ರೂ ನೀನು ಫೋನ್ ಎತ್ಬೇಕಾಗಿತ್ತು ಕಣಮ್ಮ. ಅವ್ಳು ಅಷ್ಟು ಖುಷಿಯಾಗಿದ್ದಿದ್ದು ನಾನು ನೋಡೇ ಇರ್ಲಿಲ್ಲ."

"ಹೌದಮ್ಮ," ಎಂದೆ.

ಅವರು ಬೇಲಿಯ ಮುಳ್ಳು ಸರಿಸಿ ನನಗೆ ದಾರಿ ಬಿಟ್ಟರು. ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆಯ ಬದಿಯ ಹುಣಸೆ ಮರದ ಕೆಳಗೆ ಹುಡುಗಿಯೂ ನಾನೂ ಕಾದೆವು. ಅವಳು ಏನೋ ಕೇಳುತ್ತಿದ್ದಳು, ನಾನು ಏನೋ ಉತ್ತರಿಸುತ್ತಿದ್ದೆ. ಹೊಗೆ ಕಂಡ ದಿನದ ಗೆಳತಿಯ ನಗು ಹೇಗಿತ್ತು ಎಂದು ಅಮ್ಮನನ್ನು ಕೇಳಬೇಕಿತ್ತು ಎನಿಸಿತು. ಎರಡು ವರ್ಷ ಒಂದೇ ರೂಮಿನಲ್ಲಿದ್ದರೂ ಅವಳು ಹಾಗೆ ಎದ್ದು ಕೂತು ನಕ್ಕದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಬಸ್ಸು ತಿರುವಿನಲ್ಲಿ ಕಂಡಿತು. ಕೈ ಅಡ್ಡ ಹಿಡಿದೆ.